ಶುಗರ್ ಇದ್ದವರ ಕಣ್ಣಿನ ತಪಾಸಣೆ: ಮಂಡ್ಯದಿಂದ ಮೈಸೂರಿಗೆ ಅಲೆದು ತಿಳಿದದ್ದು

ದೊಡ್ಡಪ್ಪನ ಎರಡೂ ಕಣ್ಣಿಗೆ ಲೇಸರ್ ಆಯಿತು. ಎಡಗಣ್ಣಿಗೆ ತಿಂಗಳಿಗೊಂದರಂತೆ ಕೊಡುವ ಇಂಜೆಕ್ಷನ್ನಿನ ಮೊದಲ ಸುತ್ತೂ ಮುಗಿಯಿತು. ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಮನೆಯ ಹಿರಿಯರನ್ನು ಇದೇ ಕೆಲಸಕ್ಕೆ ಕರೆದೊಯ್ಯಬೇಕಾದವರು ಇದನ್ನು ಓದಿಕೊಂಡು ಹೊರಟರೆ ಒಂದೆರಡು ಓಡಾಟವಾದರೂ ಉಳಿದೀತು.

ದೊಡ್ಡಪ್ಪನಿಗೆ ಶುಗರ್ ಬಂದು ಹತ್ತು ವರ್ಷ ದಾಟಿದೆ. ಮಾತ್ರೆ ತಪ್ಪಿಸುವ ಆಸಾಮಿಯಲ್ಲ, ರಕ್ತ ಪರೀಕ್ಷೆಗೂ ಹಿಂದೇಟು ಹಾಕಿದವರಲ್ಲ. ಕಣ್ಣಿನ ಮಾತು ತೆಗೆದರೆ ಮಾತ್ರ, "ತೋರ್ಸಿವ್ನಲ್ಲ ಮಗ, ಎಷ್ಟ್ ಸತಿ ತೋರ್ಸದು?" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಕನ್ನಡಕದಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಮಾಡಿಸಿದ್ದರು, ಬಲಗಣ್ಣಿನ ಪೊರೆ ತೆಗೆಸಿದ್ದರು. ಶುಗರ್ ಇರುವವರು ಕಣ್ಣಿನ ತಪಾಸಣೆ ತಪ್ಪಿಸಿಕೊಳ್ಳುತ್ತಾರೆ ಎಂದು ಎಲ್ಲರೂ ದೂರುತ್ತಾರೆ. ಓಪಿಡಿಯ ಬೆಂಚಿನ ಮೇಲೆ ಕೂತು ಅಕ್ಕಪಕ್ಕದವರ ಮಾತು ಕೇಳಿದ ಮೇಲೆ ನನಗನ್ನಿಸಿದ್ದು ಬೇರೆ: ಅವರಲ್ಲಿ ಬಹಳ ಮಂದಿ ತಪ್ಪಿಸಿಕೊಂಡವರಲ್ಲ, ಆಗಿಹೋಗಿದೆ ಎಂದು ನಂಬಿ ಕೂತವರು.

ಅಂಗಡಿಯ ಕಂಪ್ಯೂಟರ್ ಅಳೆಯುವುದು ಕನ್ನಡಕದ ಪವರ್ ಮಾತ್ರ. ಶುಗರ್ ಕೆಡಿಸುವುದು ಕಣ್ಣಿನ ಹಿಂಭಾಗದ ರೆಟಿನಾವನ್ನು, ಅಲ್ಲಿಯ ಕೂದಲೆಳೆಗಿಂತ ಸಣ್ಣ ರಕ್ತನಾಳಗಳನ್ನು. ಆ ಯಂತ್ರಕ್ಕೆ ಅದರ ಸುದ್ದಿಯೇ ಇಲ್ಲ. ಬೋರ್ಡಿನ ಕೊನೆಯ ಸಾಲಿನವರೆಗೆ ಓದುವವರ ರೆಟಿನಾ ಕೂಡ ಕೆಟ್ಟಿರಬಹುದು. ಮೊದಮೊದಲು ನೋವಿಲ್ಲ, ಮಂಜಿಲ್ಲ. ಇನ್ನೊಂದು ಕಿತಾಪತಿಯೂ ಇದೆ. ಶುಗರ್ ಏರಿದಾಗ ಕಣ್ಣೊಳಗಿನ ಲೆನ್ಸ್ ನೀರು ಹೀರಿ ಉಬ್ಬಿ ಪವರ್ ಬದಲಾಗುತ್ತದೆ. ಆ ಹೊತ್ತಿನಲ್ಲಿ ಮಾಡಿಸಿದ ಕನ್ನಡಕ ಶುಗರ್ ಇಳಿದ ಮೇಲೆ ಹೊಂದುವುದಿಲ್ಲ. "ಕಣ್ ತೋರ್ಸಿ ದುಡ್ ದಂಡ ಆಯ್ತು" ಎನ್ನುವ ಬೇಸರ ಹುಟ್ಟುವುದು ಇಲ್ಲೇ. ಕೆಲವು ವಾರ ಶುಗರ್ ಒಂದೇ ಮಟ್ಟದಲ್ಲಿ ನಿಂತ ಮೇಲೆ ಕನ್ನಡಕ ಬರೆಸಿ. ರೆಟಿನಾ ತಪಾಸಣೆಗೆ ಮಾತ್ರ ಶುಗರ್ ಇಳಿಯಲಿ ಎಂದು ಕಾಯಬೇಡಿ. "ಶುಗರ್ ಜಾಸ್ತಿ ಅದೆ, ಈಗೋದ್ರೆ ಡಾಕ್ಟ್ರು ಬಯ್ತಾರೆ" ಎಂದು ವರ್ಷಗಟ್ಟಲೆ ಮುಂದೂಡಿದವರನ್ನು ಅಲ್ಲೇ ನೋಡಿದೆ.

ಕಣ್ಣು ತೋರಿಸಿಯಾಯಿತು ಎಂಬ ಭ್ರಮೆ ಹುಟ್ಟಿಸುವುದರಲ್ಲಿ ಪೊರೆ ಆಪರೇಷನ್ ಅದಕ್ಕಿಂತ ಒಂದು ಕೈ ಮೇಲು. ಪೊರೆ ದಟ್ಟವಾಗಿದ್ದರೆ ಅದರ ಹಿಂದಿನ ರೆಟಿನಾ ವೈದ್ಯರಿಗೂ ಸರಿಯಾಗಿ ಕಾಣುವುದಿಲ್ಲ. ಆಪರೇಷನ್ ಆದ ಮೇಲೆ ಮತ್ತೆ ಬಂದು ನೋಡಿಸಿಕೊಳ್ಳಿ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಚೆನ್ನಾಗಿ ಕಾಣತೊಡಗಿದವರು ಮತ್ಯಾಕೆ ಬಸ್ಸು ಹತ್ತುತ್ತಾರೆ?

ಲೆಕ್ಕಕ್ಕೆ ಬರುವ ತಪಾಸಣೆಯೆಂದರೆ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ, ಒಳಗಿನ ರೆಟಿನಾ ನೋಡುವುದು. ವೈದ್ಯರ ಚೀಟಿಯಲ್ಲಿ ಅದನ್ನು 'ಫಂಡಸ್' ಎಂದು ಬರೆಯುತ್ತಾರೆ. ಕೆಲವು ಕಡೆ ಹನಿಯಿಲ್ಲದೆ ಫೋಟೊ ತೆಗೆಯುವ ಕ್ಯಾಮೆರಾ ಇದೆ, ಅದೂ ಆಗುತ್ತದೆ. ಆದರೆ ಪೊರೆ ಇದ್ದು ಅಥವಾ ಪಾಪೆ ಚಿಕ್ಕದಿದ್ದು ಫೋಟೊ ಮಸುಕಾಗಿ ಬಂದರೆ ಅದನ್ನು 'ಏನೂ ಇಲ್ಲ' ಎಂದು ಓದಬಾರದು. ಮಸುಕು ಫೋಟೊ ಬಂದವರು ಹನಿ ಹಾಕಿಸಿಕೊಂಡು ನೋಡಿಸಿಕೊಳ್ಳಲೇಬೇಕು.

ದೊಡ್ಡಪ್ಪನಿಗೆ ಶುಗರ್ ಡಾಕ್ಟರು ಫಂಡಸ್ ಎಂದು ಬರೆದುಕೊಟ್ಟ ಚೀಟಿ ಪ್ಲಾಸ್ಟಿಕ್ ಕವರಿನಲ್ಲೇ ಬಹಳ ಕಾಲ ಕೂತಿತ್ತು. ಮೊದಲು ನಾಟಿ, ಆಮೇಲೆ ಕಬ್ಬು ಕಟಾವು. ಫ್ಯಾಕ್ಟರಿಯಿಂದ ಕಟಾವಿನ ಆದೇಶ ಬಂದ ವಾರ ಹೊಲ ಬಿಟ್ಟು ಬಾ ಎಂದರೆ ಯಾರು ಬರುತ್ತಾರೆ? ಹನಿ ಹಾಕಿದ ದಿನ ಬೈಕ್ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ಅಂದರೆ ಎರಡು ಆಳಿನ ಕೂಲಿ ಹೋಯಿತು. ಆಸ್ಪತ್ರೆಯ ಚೀಟಿ ಅಗ್ಗವಿದ್ದರೂ ಆ ದಿನ ಅಗ್ಗವಲ್ಲ. ಇದನ್ನು ಒಪ್ಪಿಕೊಳ್ಳದೆ 'ಜನರಿಗೆ ಅರಿವಿಲ್ಲ' ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಕಟಾವು ಮುಗಿದ ಮರುವಾರಕ್ಕೆ ಮೊದಲೇ ದಿನ ಗೊತ್ತು ಮಾಡಿಟ್ಟುಕೊಳ್ಳುವುದು ನಮ್ಮ ಕಡೆಗೆ ಒಗ್ಗುವ ದಾರಿ.

ಮೊದಲ ತಪಾಸಣೆ ಮಂಡ್ಯದಲ್ಲೇ ಆಯಿತು. ಇಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ — ಇವೆಲ್ಲ ಮೆಡಿಕಲ್ ಕಾಲೇಜಿಗೆ ಸೇರಿದವು, ಕಣ್ಣಿನ ವಿಭಾಗ ಇರುವಂಥವು. ಖಾಸಗಿ ಕಣ್ಣಾಸ್ಪತ್ರೆಗಳೂ ಮೈಸೂರಿನಲ್ಲಿ ಸಾಕಷ್ಟಿವೆ. ಎಲ್ಲಿಗೆ ಹೋದರೂ ಬೆಳಿಗ್ಗೆ ಚೀಟಿ ಕೊಡಲು ಶುರು ಮಾಡುವ ಹೊತ್ತಿಗೆ ಅಲ್ಲಿರಬೇಕು. ಹನ್ನೊಂದು ಗಂಟೆಗೆ ಹೋದರೆ ಹನಿ ಹಾಕಿ ಪಾಪೆ ಹಿಗ್ಗುವಷ್ಟರಲ್ಲಿ ಊಟದ ಸಮಯ ಬಂದುಬಿಡುತ್ತದೆ. ರೆಟಿನಾ ತಜ್ಞರು ಎಲ್ಲ ಕಡೆಯೂ ದಿನಾ ಕೂರುವುದಿಲ್ಲ, ವಾರದ ಯಾವ ದಿನ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಿ.

ಮೊದಲು ಬೋರ್ಡ್ ಓದಿಸುತ್ತಾರೆ, ಒಂದೊಂದೇ ಕಣ್ಣು ಮುಚ್ಚಿಸಿ. ಎಡಗಣ್ಣು ಮುಚ್ಚಿದಾಗ ದೊಡ್ಡಪ್ಪ ಸರಾಗವಾಗಿ ಓದಿದರು. ಬಲಗಣ್ಣು ಮುಚ್ಚಿದಾಗ ಮೇಲಿನ ಎರಡು ಸಾಲು ದಾಟಲಿಲ್ಲ. "ಇದ್ಯಾಕ್ ಮಗ, ಅಕ್ಸರ ಡೊಂಕ್ ಡೊಂಕಾಗ್ ಕಾಣ್ತವೆ?" ಎಂದರು. ಒಂದು ಕಣ್ಣು ಕೆಟ್ಟರೂ ಇನ್ನೊಂದು ಅದನ್ನು ಮುಚ್ಚಿಡುತ್ತದೆ, ಹಾಗಾಗಿ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಗೋಡೆಯ ಕ್ಯಾಲೆಂಡರ್ ಮುಂದೆ ನಿಂತು ಒಂದೊಂದೇ ಕಣ್ಣು ಮುಚ್ಚಿ ತಾರೀಖು ಓದಿನೋಡಿ. ಅಂಕಿ ವಕ್ರವಾಗಿದ್ದರೆ, ನಡುವೆ ಮಸುಕಿದ್ದರೆ ತಡಮಾಡಬೇಡಿ. ಚೆನ್ನಾಗಿ ಕಂಡಿತೆಂದು ತಪಾಸಣೆ ಬಿಡುವುದಕ್ಕೆ ಮಾತ್ರ ಇದನ್ನು ನೆಪ ಮಾಡಿಕೊಳ್ಳಬಾರದು.

ಆಮೇಲೆ ಕಣ್ಣಿನ ಒತ್ತಡ ನೋಡಿ, ಹನಿ. ಸಾಮಾನ್ಯವಾಗಿ ಟ್ರಾಪಿಕಮೈಡ್ ಮತ್ತು ಫಿನೈಲೆಫ್ರಿನ್ ಸೇರಿದ್ದು. ಸ್ವಲ್ಪ ಉರಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷಕ್ಕೆ ಪಾಪೆ ಹಿಗ್ಗಬೇಕು. ಬಹಳ ವರ್ಷದಿಂದ ಶುಗರ್ ಇದ್ದವರಿಗೆ ಹಿಗ್ಗುವುದು ನಿಧಾನ, ಎರಡು ಮೂರು ಸಲ ಹಾಕಬೇಕಾಗುತ್ತದೆ. ಮರೆತುಬಿಟ್ಟರು ಎಂದು ಸಿಟ್ಟಾಗಬೇಡಿ, ನಡುವೆ ಎದ್ದು ಹೋಗಲೂಬೇಡಿ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದ್ದರೆ, ಬಿಪಿ ಬಹಳ ಏರಿದ್ದರೆ, ಹೃದಯದ ತೊಂದರೆಯಿದ್ದರೆ ಹನಿ ಹಾಕುವ ಮುನ್ನವೇ ಹೇಳಿ. ಹಾಕಿದ ಮೇಲೆ ನಾಲ್ಕಾರು ಗಂಟೆ, ಕೆಲವರಿಗೆ ಸಂಜೆಯವರೆಗೂ, ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಟೋಪಿ, ಕಪ್ಪು ಕನ್ನಡಕ ಇರಲಿ. ಸಹಿ ಹಾಕಬೇಕಾದ ಕಾಗದ, ಮೊಬೈಲಿಗೆ ಬರುವ ಓಟಿಪಿ, ಎಟಿಎಂ ಕೆಲಸ ಏನಿದ್ದರೂ ಹನಿಗೆ ಮುಂಚೆ ಮುಗಿಸಿಕೊಳ್ಳಿ.

ಯಾರೂ ಹೇಳದ ತೊಡಕೊಂದು ಇಲ್ಲಿ ಬಂತು. ಬೆಳಿಗ್ಗೆ ಮಾತ್ರೆ ನುಂಗಿ, ಅವಸರದಲ್ಲಿ ಎರಡು ಇಡ್ಲಿ ತಿಂದು ಹೊರಟಿದ್ದ ದೊಡ್ಡಪ್ಪ ಮಧ್ಯಾಹ್ನದ ಸರದಿಯಲ್ಲಿ ಬೆವರಿ ನಡುಗತೊಡಗಿದರು. ಶುಗರ್ ಇಳಿದಿತ್ತು. ಕಣ್ಣು ಮಂಜಾಗಿದ್ದರಿಂದ ಹನಿಯದೇ ಪರಿಣಾಮ ಎಂದುಕೊಂಡು ಸುಮ್ಮನೆ ಕೂತಿದ್ದರಂತೆ. ಗ್ಲಿಮಿಪಿರೈಡ್ ಥರದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಸುಲಭವಾಗಿ ಆಗುತ್ತದೆ. ಕಣ್ಣಿನ ತಪಾಸಣೆಗೆ ಹಸಿದು ಹೋಗಬೇಕಿಲ್ಲ. ಹೊಟ್ಟೆ ತುಂಬ ತಿಂದು ಹೊರಡಿ, ಬುತ್ತಿ ಕಟ್ಟಿಕೊಳ್ಳಿ, ಜೇಬಿನಲ್ಲಿ ಸಕ್ಕರೆ ಪೊಟ್ಟಣವಿರಲಿ. ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಿ, ತಗ್ಗದಿದ್ದರೆ ಇನ್ನೊಮ್ಮೆ ಕೊಡಿ. ಸುಧಾರಿಸಿಕೊಂಡ ಮೇಲೆ ಊಟ. ಸರದಿ ಹೋದರೆ ಹೋಗಲಿ.

ವೈದ್ಯರು ತಲೆಗೆ ದೀಪ ಕಟ್ಟಿಕೊಂಡು, ಕೈಯಲ್ಲಿ ಲೆನ್ಸ್ ಹಿಡಿದು, ಮೇಲೆ ನೋಡಿ ಕೆಳಗೆ ನೋಡಿ ಎನ್ನುತ್ತ ನೋಡಿದರು. ಎರಡೂ ಕಣ್ಣಿನಲ್ಲಿ ಹೊಸ ರಕ್ತನಾಳ ಹುಟ್ಟಿದೆ, ಎಡಗಣ್ಣಿನ ನಟ್ಟನಡುವೆ ಊತವಿದೆ ಎಂದರು. ದೊಡ್ಡಪ್ಪ ಮುಖ ಸಣ್ಣದು ಮಾಡಿಕೊಂಡಾಗ ಅವರೇ ಬಿಡಿಸಿ ಹೇಳಿದರು: ನೀರು ಹತ್ತದ ಗದ್ದೆಯವರು ಕದ್ದು ಕಾಲುವೆ ತೋಡಿಕೊಂಡ ಹಾಗೆ, ರಕ್ತ ಸಿಗದ ರೆಟಿನಾ ಹೊಸ ನಾಳ ಹುಟ್ಟಿಸಿಕೊಳ್ಳುತ್ತದೆ. ಏರಿ ಗಟ್ಟಿಯಿಲ್ಲದ ಕಾಲುವೆ ಯಾವಾಗ ಬೇಕಾದರೂ ಒಡೆಯುತ್ತದೆ. ಒಡೆದರೆ ಕಣ್ಣೊಳಗೆ ರಕ್ತ. ಲೇಸರ್ ಎಂದರೆ ಅಂಚಿನ ಕೆಲವು ಗದ್ದೆ ಬೀಳು ಬಿಟ್ಟು ನೀರಿನ ಬೇಡಿಕೆ ತಗ್ಗಿಸುವುದು, ನಡುವಿನ ಮುಖ್ಯ ಗದ್ದೆ ಉಳಿಸಿಕೊಳ್ಳುವುದಕ್ಕೆ. ದೊಡ್ಡಪ್ಪ ಮರುಮಾತಿಲ್ಲದೆ ಒಪ್ಪಿದರು.

ಮುಂದಿನ ಚಿಕಿತ್ಸೆಗೆ ಮೈಸೂರಿಗೆ ಹೋದೆವು. ಅಲ್ಲಿ ಮೊದಲು ಓಸಿಟಿ ಸ್ಕ್ಯಾನ್. ಗಲ್ಲ ಊರಿ ಕೂತರೆ ಕೆಲವೇ ನಿಮಿಷ, ಕಣ್ಣಿಗೆ ಏನೂ ತಾಗುವುದಿಲ್ಲ. ರೆಟಿನಾದ ನಡುಭಾಗ ಎಷ್ಟು ದಪ್ಪಗಾಗಿದೆ ಎಂದು ಮೈಕ್ರಾನ್ ಲೆಕ್ಕದಲ್ಲಿ ಬರುತ್ತದೆ. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುವುದರಿಂದ ಮುಂದಿನ ಸ್ಕ್ಯಾನನ್ನೂ ಆದಷ್ಟು ಅಲ್ಲೇ ಮಾಡಿಸಿ. ಕೆಲವರಿಗೆ ತೋಳಿಗೆ ಬಣ್ಣದ ಔಷಧ ಚುಚ್ಚಿ ಫೋಟೊ ತೆಗೆಯುವ ಆಂಜಿಯೋಗ್ರಫಿ ಬೇಕಾಗುತ್ತದೆ. ಅದಾದ ಮೇಲೆ ಮೈ ಹಳದಿ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಮೊದಲೇ ತಿಳಿಸಬೇಕು. ಇತ್ತೀಚಿನ ಕ್ರಿಯಾಟಿನಿನ್ (ಕಿಡ್ನಿಯದು) ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್ ಕೈಯಲ್ಲಿದ್ದರೆ ಮತ್ತೆ ರಕ್ತ ಕೊಡುವ ಖರ್ಚು ಉಳಿಯುತ್ತದೆ.

ಹಣದ ಮಾತು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ. ಎಪಿಎಲ್‌ನವರಿಗೆ ಪ್ಯಾಕೇಜಿನ, ಅಂದರೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ನಿಮಗೆ ಬರೆದಿರುವ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ಆ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಅಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಮೊದಲು ಕೇಳಿ. ಖಾಸಗಿಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಹಣ ಕಟ್ಟಿ ಮಾಡಿಸಿಕೊಂಡು ಆಮೇಲೆ ವಾಪಸು ಕೊಡಿ ಎಂದರೆ ಆಗುವುದಿಲ್ಲ, ಅನುಮತಿ ಮೊದಲು ಬರಬೇಕು. ಡೈರಿ ಅಥವಾ ಸೊಸೈಟಿ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡನ್ನೂ ಒಯ್ಯಿರಿ. ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ದೊಡ್ಡಪ್ಪನ ಹೆಸರು ಒಂದರಲ್ಲಿ 'ಗೌಡ' ಸಮೇತ, ಇನ್ನೊಂದರಲ್ಲಿ ಬರೀ ಹೆಸರು. ಅದೊಂದರಿಂದಲೇ ಲೇಸರ್ ಮುಂದಕ್ಕೆ ಹೋಯಿತು.

ಲೇಸರಿಗೆ ಅಡ್ಮಿಟ್ ಆಗಬೇಕಿಲ್ಲ. ಮರಗಟ್ಟಿಸುವ ಹನಿ, ಕಣ್ಣಿನ ಮೇಲೊಂದು ಲೆನ್ಸ್, ಆಮೇಲೆ ಹಸಿರು ಮಿಂಚು ಒಂದರ ಮೇಲೊಂದು. ಇಡೀ ರೆಟಿನಾದ ಅಂಚಿಗೆ ಹೊಡೆಯುವ ಲೇಸರ್‌ನಲ್ಲಿ ಒಂದು ಕಣ್ಣಿಗೆ ಸಾವಿರಕ್ಕೂ ಮಿಕ್ಕಿ ಗುರುತು ಹಾಕುತ್ತಾರೆ, ಹಾಗಾಗಿ ಎರಡು ಮೂರು ಸಲಕ್ಕೆ ಹಂಚುವುದುಂಟು. ಕೆಲವು ಜಾಗದಲ್ಲಿ ಚುಳ್ಳೆನ್ನುತ್ತದೆ. ತಲೆ ಹಿಂದಕ್ಕೆ ಎಳೆದುಕೊಳ್ಳಬಾರದು, ತಾಳಲಾಗದಿದ್ದರೆ ಬಾಯಲ್ಲಿ ಹೇಳಿ ನಿಲ್ಲಿಸಿ. ಮುಗಿದ ಮೇಲೆ ಸ್ವಲ್ಪ ಹೊತ್ತು ಕತ್ತಲು ಕತ್ತಲು. ಲೇಸರ್ ಹೋದ ದೃಷ್ಟಿಯನ್ನು ತರುವುದಿಲ್ಲ, ಇರುವುದನ್ನು ಉಳಿಸುತ್ತದೆ. ರಾತ್ರಿಯ ನೋಟ, ಪಕ್ಕದ ನೋಟ ಕೊಂಚ ತಗ್ಗಲೂಬಹುದು. ರಾತ್ರಿ ನೀರು ಕಟ್ಟಲು ಗದ್ದೆಗೆ ಹೋಗುವವರು ಒಳ್ಳೆಯ ಟಾರ್ಚ್ ಇಟ್ಟುಕೊಳ್ಳಬೇಕು.

ಊರಿನಲ್ಲಿ "ಲೇಸರ್ ಹೊಡ್ಸ್‌ಕಂಡ್ ಮೇಲೇ ಅವನ ಕಣ್ ಹೋಗಿದ್ದು" ಎಂಬ ಮಾತು ಓಡಾಡುತ್ತದೆ. ರಕ್ತ ಸುರಿದು, ರೆಟಿನಾ ಜಗ್ಗಿ ಕಿತ್ತು ಬರುವ ಹೊತ್ತಿಗೆ ಹೋದವರಿಗೆ ಏನು ಮಾಡಿದರೂ ಸ್ವಲ್ಪವೇ ಉಳಿಯುವುದು, ಅಪವಾದ ಲೇಸರಿಗೆ. ಸಮಯಕ್ಕೆ ಸರಿಯಾಗಿ ಮಾಡಿದರೆ ತೀವ್ರ ದೃಷ್ಟಿನಾಶ ಅರ್ಧಕ್ಕರ್ಧ ತಗ್ಗುತ್ತದೆ ಎಂದು 1970ರ ದಶಕದ ಅಮೆರಿಕದ ಅಧ್ಯಯನದಲ್ಲೇ ಕಂಡಿತ್ತು.

ಇಂಜೆಕ್ಷನ್ ನಡುವಿನ ಊತಕ್ಕೆ. ಕಣ್ಣಿಗೆ ಸೂಜಿ ಎಂದ ಕೂಡಲೇ ದೊಡ್ಡಪ್ಪ ಎದ್ದು ನಿಂತಿದ್ದರು. ನಡೆದದ್ದು ಇಷ್ಟು: ಥಿಯೇಟರಿನಲ್ಲಿ ಮಲಗಿಸಿ, ಮರಗಟ್ಟಿಸುವ ಹನಿ ಹಾಕಿ, ಅಯೋಡಿನ್ ದ್ರಾವಣದಲ್ಲಿ ತೊಳೆದು, ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ ಇಟ್ಟು, ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ–ನಾಲ್ಕು ಮಿಲಿಮೀಟರ್ ಆಚೆ ಬಿಳಿಭಾಗದಲ್ಲಿ ಚುಚ್ಚುತ್ತಾರೆ. ಔಷಧ ಸಾಮಾನ್ಯವಾಗಿ 0.05 ಮಿಲಿಲೀಟರ್. ಚುಚ್ಚುವುದು ಕೆಲವು ಸೆಕೆಂಡು, ತಯಾರಿಯೇ ಹೆಚ್ಚು. ಈ ಔಷಧಗಳಲ್ಲಿ ಸಾಮಾನ್ಯವಾಗಿ ಬೆವಾಸಿಜುಮಾಬ್ ಅಗ್ಗ, ರಾನಿಬಿಜುಮಾಬ್ ಅದಕ್ಕಿಂತ ದುಬಾರಿ, ಆಫ್ಲಿಬರ್ಸೆಪ್ಟ್ ಇನ್ನೂ ಮೇಲೆ. ಯಾವುದನ್ನು ಯಾಕೆ ಬರೆದಿದ್ದಾರೆ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ದರ ಕೇಳುವಾಗ ಔಷಧ, ಥಿಯೇಟರ್, ಹನಿ, ಮುಂದಿನ ಓಸಿಟಿ ಎಲ್ಲ ಸೇರಿದೆಯೇ ಎಂದು ಬಿಡಿಸಿ ಕೇಳಿ. ಒಂದಕ್ಕೆ ಮುಗಿಯುವುದಿಲ್ಲ: ಶುರುವಿನಲ್ಲಿ ತಿಂಗಳಿಗೊಂದು, ಆಮೇಲೆ ಸ್ಕ್ಯಾನ್ ನೋಡಿಕೊಂಡು. ಎರಡು ಆದ ಮೇಲೆ 'ವಾಸಿ' ಎಂದು ನಿಲ್ಲಿಸಿದವರ ಊತ ಮತ್ತೆ ಬಂದ ಕಥೆಗಳು ಕಾಯುವ ಕೋಣೆಯಲ್ಲಿ ಬೇಕಾದಷ್ಟಿದ್ದವು.

ಒಂದು ಸಲ ಮೈಸೂರಿನವರೆಗೆ ಹೋಗಿ ಬರಿಗೈಲಿ ಬಂದೆವು. ಬಿಪಿ ಏರಿತ್ತು. ಇಂಜೆಕ್ಷನ್ ಇದೆಯೆಂದು ಊಟ ಬಿಟ್ಟ ದೊಡ್ಡಪ್ಪ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದರು. ಮಾತ್ರೆ, ಊಟ ನಿಲ್ಲಿಸಿ ಎಂದು ಆಸ್ಪತ್ರೆಯವರು ಹೇಳದ ಹೊರತು ಎಂದಿನಂತೆ ನಡೆಯಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಈಚೆಗೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಮುಚ್ಚಿಡದೆ ಹೇಳಬೇಕು, ಇಂಜೆಕ್ಷನ್ ಮುಂದೂಡಬೇಕಾಗಬಹುದು.

ಚುಚ್ಚಿದ ಮೇಲೆ ಬಿಳಿಭಾಗದಲ್ಲಿ ಕೆಂಪು ಮಚ್ಚೆ, ಒಂದೆರಡು ದಿನ ಗುಳ್ಳೆ ತೇಲಿದಂತೆ ಕಾಣುವುದು ಸಹಜ. ವೈದ್ಯರು ಹೇಳುವಷ್ಟು ದಿನ ತಲೆಗೆ ನೀರು ಹುಯ್ದುಕೊಳ್ಳಬಾರದು, ಹೊಲದ ಧೂಳು, ದನದ ಕೊಟ್ಟಿಗೆಯ ಕೆಲಸ ಬೇಡ. ನೋವು ದಿನದಿನಕ್ಕೆ ಹೆಚ್ಚಿದರೆ, ಕೆಂಪು ಹರಡಿದರೆ, ದೃಷ್ಟಿ ಮಂಕಾದರೆ ಅದು ಸೋಂಕಿರಬಹುದು. ಭಾನುವಾರವಾದರೂ ಸರಿ, ಅದೇ ದಿನ ಹೋಗಬೇಕು. ಅಂಗಡಿಯ ಹನಿ ಹಾಕಿಕೊಂಡು ಕಾಯುವಂಥದ್ದಲ್ಲ. ಇಂಜೆಕ್ಷನ್ ಆಗಿರಲಿ ಬಿಡಲಿ, ಶುಗರ್ ಇದ್ದವರಿಗೆ ಇದ್ದಕ್ಕಿದ್ದಂತೆ ಕರಿದಾರ, ಜೇಡರಬಲೆ ತೇಲಿದಂತೆ ಕಂಡರೂ ಹಾಗೇ ಹೊರಡಬೇಕು.

ಇನ್ನೊಂದು ವಿಚಾರ ಶುಗರ್ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ಸೇರಿದ್ದು. ಬಹಳ ಏರಿದ್ದ ಶುಗರನ್ನು ಒಮ್ಮೆಗೇ ಇಳಿಸಿದಾಗ ರೆಟಿನಾ ಕೆಲವು ತಿಂಗಳು ಇನ್ನಷ್ಟು ಹದಗೆಡುವುದುಂಟು. ಮುಂದೆ ನೋಡಿದರೆ ಹತೋಟಿಯೇ ಲಾಭ, ಇನ್ಸುಲಿನ್ ಬಿಡಬಾರದು. ಆದರೆ ಹೊಸದಾಗಿ ಇನ್ಸುಲಿನ್ ಶುರುವಾಗಿದೆ ಎಂದು ಕಣ್ಣಿನವರಿಗೆ ತಿಳಿಸಿದರೆ ಅವರು ಬೇಗ ಬೇಗ ಕರೆಸಿ ನೋಡುತ್ತಾರೆ.

ಎಷ್ಟು ದಿನಕ್ಕೊಮ್ಮೆ ಎಂದು ಎಲ್ಲರೂ ಕೇಳುತ್ತಾರೆ. ದೊಡ್ಡವರಿಗೆ ಬರುವ ಟೈಪ್ 2 ಶುಗರ್ ಆದರೆ ಗೊತ್ತಾದ ಕೂಡಲೇ ಒಮ್ಮೆ, ಏಕೆಂದರೆ ಗೊತ್ತಾಗುವ ಮೊದಲೇ ಅದು ವರ್ಷಗಟ್ಟಲೆ ಇದ್ದಿರಬಹುದು. ಏನೂ ಇಲ್ಲದಿದ್ದರೆ ವರ್ಷಕ್ಕೊಮ್ಮೆ. ರೆಟಿನಾದಲ್ಲಿ ಸ್ವಲ್ಪ ಚುಕ್ಕೆ ಶುರುವಾಗಿದ್ದರೆ ಆರರಿಂದ ಹನ್ನೆರಡು ತಿಂಗಳು, ಮಧ್ಯಮವಾಗಿದ್ದರೆ ಮೂರರಿಂದ ಆರು, ಅದಕ್ಕೂ ಮೀರಿದ್ದರೆ ವೈದ್ಯರು ಹೇಳಿದ ವಾರಕ್ಕೆ. ಟೈಪ್ 1 ಇರುವ ಮಕ್ಕಳು, ಯುವಕರಿಗೆ ಶುಗರ್ ಬಂದ ಐದು ವರ್ಷದೊಳಗೆ ಶುರು ಮಾಡಬೇಕು. ಮೊದಲೇ ಶುಗರ್ ಇದ್ದ ಹೆಣ್ಣುಮಕ್ಕಳು ಬಸುರಾದರೆ ಮೊದಲ ಮೂರು ತಿಂಗಳಲ್ಲೇ ನೋಡಿಸಬೇಕು.

ದೊಡ್ಡಮ್ಮನಿಗೂ ಶುಗರ್ ಇದೆ. ಅವರ ಕಣ್ಣಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ, ಅವರೂ ಎತ್ತಿರಲಿಲ್ಲ. "ಇಬ್ರೂ ಬಂದ್ರೆ ಹಾಲ್ ಕರ್ಯೋರ್ಯಾರು?" ಎಂಬುದು ದೊಡ್ಡಮ್ಮನ ಚಿಂತೆ. ಆದರೆ ಇಬ್ಬರಿಗೂ ಒಂದೇ ದಿನ ಹನಿ ಹಾಕಿಸಿದರೆ ಜೊತೆಗೆ ಹೋಗುವವರ ಒಂದು ದಿನ ಉಳಿಯುತ್ತದೆ. ದೊಡ್ಡಪ್ಪನ ಮರುತಪಾಸಣೆಗೆ ಹೋದಾಗ ಅವರಿಗೂ ಚೀಟಿ ಮಾಡಿಸಿದೆವು. ಶುರುವಿನ ಚುಕ್ಕೆಗಳಿವೆ, ಈಗ ಚಿಕಿತ್ಸೆ ಬೇಡ, ಆರು ತಿಂಗಳಿಗೆ ಬನ್ನಿ ಎಂದರು. ಒಂದು ಮನೆಯಲ್ಲಿ ಇಬ್ಬರಿಗೆ ಶುಗರ್ ಇದ್ದರೆ ಹೆಂಗಸರ ಚೀಟಿಯನ್ನು ಮೊದಲು ಮಾಡಿಸಿ, ಇಲ್ಲದಿದ್ದರೆ ಅದು ಹಿಂದಕ್ಕೆ ಬೀಳುತ್ತದೆ.

ಪ್ರತಿ ಸಲ ಹೊರಡುವ ಮುನ್ನ ವೈದ್ಯರ ಬಳಿ ಮೂರು ಮಾತು ಬರೆಸಿಕೊಳ್ಳಿ: ಯಾವ ಕಣ್ಣಿಗೆ ಯಾವ ಹಂತ, ನಡುಭಾಗದಲ್ಲಿ ಊತ ಇದೆಯೋ ಇಲ್ಲವೋ, ಮತ್ತೆ ಯಾವ ತಿಂಗಳಲ್ಲಿ ಬರಬೇಕು. ಓಸಿಟಿಯ ಪ್ರಿಂಟ್ ಮಾಸಿಹೋಗಬಹುದು, ಅಲ್ಲೇ ಮೊಬೈಲಿನಲ್ಲಿ ಫೋಟೊ ತೆಗೆದು ಶುಗರ್ ಡಾಕ್ಟರಿಗೂ ತೋರಿಸಿ.